ಮೇಯರ್ ಪರೀಕ್ಷೆಯಲ್ಲಿ ಬೆಳ್ಳಗಾದದ್ದೆಲ್ಲ ಆಲ್ಕಲಾಯ್ಡ್ ಅಲ್ಲ

ಮಾನ್ಯರೇ,

‘ಇಂಥ ಗಿಡದ ಎಲೆಯಲ್ಲಿ ಕ್ಯಾನ್ಸರ್ ತಡೆಯುವ ಆಲ್ಕಲಾಯ್ಡ್ ಪತ್ತೆ’ ಎಂಬ ಧಾಟಿಯ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಸುದ್ದಿಯ ಹಿಂದಿರುವ ಪ್ರಯೋಗವನ್ನು ಕೆದಕಿದರೆ ಎಷ್ಟೋ ಸಲ ಸಿಗುವುದು ಇಷ್ಟು: ಎಲೆಪುಡಿಯನ್ನು ಮೆಥನಾಲ್‌ನಲ್ಲಿ ನೆನೆಹಾಕಿ ಸೋಸಿದ್ದಾರೆ, ಸಾರಕ್ಕೆ ಮೇಯರ್ ಕಾರಕದ (ಆಲ್ಕಲಾಯ್ಡ್ ಇದೆಯೇ ಎಂದು ನೋಡಲು ಬಳಸುವ ದ್ರಾವಣ) ಎರಡು ಹನಿ ಬಿಟ್ಟಾಗ ಬೆಳ್ಳಗೆ ಕದಡಿದೆ, ಅದೇ ಸಾರವನ್ನು ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಹಾಕಿದಾಗ ಅರ್ಧದಷ್ಟು ಸತ್ತಿವೆ. ಆಲ್ಕಲಾಯ್ಡ್ ಬೇರೆಯಾಗಿಲ್ಲ, ಅದರ ರಚನೆ ಗೊತ್ತಿಲ್ಲ, ಕೋಶಗಳನ್ನು ಕೊಂದದ್ದು ಅದೇ ಎನ್ನಲು ಆಧಾರವೂ ಇಲ್ಲ. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿದಾಗಿದೆ. ದ್ರಾವಣದಿಂದ ಬೇರೆಯಾಗಿ ಇಳಿಯುವ ಆ ಬಿಳಿ ಒತ್ತರಕ್ಕೂ ಸೀಸೆಯಲ್ಲಿಟ್ಟು ಹೆಸರು ಬರೆಯಬಹುದಾದ ಶುದ್ಧ ವಸ್ತುವಿಗೂ ನಡುವೆ ಎಷ್ಟು ಕೆಲಸವಿದೆ, ಅದು ಎಲ್ಲೆಲ್ಲಿ ಕೆಡುತ್ತದೆ ಎಂಬುದು ಸುದ್ದಿ ಬರೆಯುವವರಿಗೂ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೂ ತಿಳಿದಿರಲಿ ಎಂದು ಈ ಪತ್ರ.

ಆಲ್ಕಲಾಯ್ಡ್ ಎಂಬ ಹೆಸರನ್ನು ಜರ್ಮನಿಯ ಔಷಧತಜ್ಞ ಮೈಸ್ನರ್ 1819ರಲ್ಲಿ ಇಟ್ಟರು. ಕ್ಷಾರದಂತಿರುವುದು ಎಂದು ಅರ್ಥ. ನೈಟ್ರೋಜನ್ ಇರುವ, ಸಾಮಾನ್ಯವಾಗಿ ಪ್ರತ್ಯಾಮ್ಲ ಗುಣದ ಸಸ್ಯಜನ್ಯ ವಸ್ತುಗಳಿವು. ಮರುವರ್ಷವೇ, 1820ರಲ್ಲಿ, ಪೆಲ್ಲೆಟಿಯೆ ಮತ್ತು ಕಾವಂಟು ಸಿಂಕೋನ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದರು. ಸರ್ಪಗಂಧದ ಬೇರಿನ ರೆಸರ್ಪಿನ್ 1952ರಲ್ಲಿ ಸಿಕ್ಕಿತು. ಇವುಗಳೆಲ್ಲದರ ಬೇರ್ಪಡಿಕೆಗೆ ಬುನಾದಿಯಾದದ್ದು ಒಂದೇ ಗುಣ: ಆಮ್ಲ ಸೇರಿದರೆ ಆಲ್ಕಲಾಯ್ಡ್ ಲವಣವಾಗಿ ನೀರಿಗೆ ಇಳಿಯುತ್ತದೆ, ಕ್ಷಾರ ಸೇರಿದರೆ ನೀರು ಬಿಟ್ಟು ಸಾವಯವ ದ್ರಾವಕಕ್ಕೆ ಏರುತ್ತದೆ.

ಮೊದಲು ಆ ಎರಡು ಹನಿಯ ವಿಚಾರ. ಮೇಯರ್ ಕಾರಕವೆಂದರೆ 1.36 ಗ್ರಾಂ ಮರ್ಕ್ಯುರಿಕ್ ಕ್ಲೋರೈಡ್ ಮತ್ತು 5 ಗ್ರಾಂ ಪೊಟ್ಯಾಸಿಯಂ ಅಯೊಡೈಡ್ ಕರಗಿಸಿ 100 ಮಿಲಿಗೆ ತಂದ ನೀರು. ಡ್ರಾಗೆನ್‌ಡಾರ್ಫ್ ಕಾರಕದಲ್ಲಿ ಪಾದರಸದ ಬದಲು ಬಿಸ್ಮತ್ ಇರುತ್ತದೆ, ಬಣ್ಣ ಕಿತ್ತಳೆ. ಎರಡೂ ದೊಡ್ಡ ಗಾತ್ರದ ಧನ ಅಯಾನುಗಳನ್ನು ಹಿಡಿದು ಕೆಳಗಿಳಿಸುತ್ತವೆ. ಅದು ಆಲ್ಕಲಾಯ್ಡೇ ಆಗಿರಬೇಕೆಂಬ ಹಟ ಅವಕ್ಕಿಲ್ಲ. ಸಾರದಲ್ಲಿ ಪ್ರೋಟೀನ್ ಇದ್ದರೂ ಮೇಯರ್‌ನಲ್ಲಿ ಒತ್ತರ ಬರುತ್ತದೆ. ಹೆಚ್ಚುಕಡಿಮೆ ಎಲ್ಲ ಗಿಡಗಳಲ್ಲೂ ಇರುವ ಕೋಲಿನ್‌ಗೂ ಕೆಲವು ಕೂಮರಿನ್‌ಗಳಿಗೂ ಡ್ರಾಗೆನ್‌ಡಾರ್ಫ್ ಕಿತ್ತಳೆ ಬಣ್ಣ ಕೊಡುತ್ತದೆ. ಇದರ ತಿರುಗುಮುರುಗೂ ಉಂಟು. ಆಲ್ಕೋಹಾಲ್ ಹೆಚ್ಚಿರುವ ದ್ರಾವಣದಲ್ಲಿ ಒತ್ತರ ಕರಗಿಹೋಗುತ್ತದೆ, ಕಾರಕ ಅತಿಯಾದರೂ ಕರಗುತ್ತದೆ. ಕೆಫೀನ್ ಆಲ್ಕಲಾಯ್ಡ್‌ಗಳ ಸಾಲಿನಲ್ಲಿ ನಿಲ್ಲುವಂಥದ್ದೇ ಆದರೂ ಮೇಯರ್‌ಗೆ ಮಣಿಯುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಪ್ರನಾಳದಲ್ಲೂ ನಿಜ.

ಖಚಿತಪಡಿಸಿಕೊಳ್ಳುವ ದಾರಿ ಕಷ್ಟದ್ದೇನಲ್ಲ. ಸಾರವನ್ನು ಒಣಗಿಸಿ, ಶೇ 2ರ ಸಲ್ಫ್ಯೂರಿಕ್ ಆಮ್ಲದಲ್ಲಿ ತೆಗೆದುಕೊಂಡು ಸೋಸಿ. ಅಮೋನಿಯಾದಿಂದ ಕ್ಷಾರಗೊಳಿಸಿ ಕ್ಲೋರೋಫಾರ್ಮ್‌ನಿಂದ ಕುಲುಕಿ ತೆಗೆಯಿರಿ. ಆ ಕ್ಲೋರೋಫಾರ್ಮ್ ಪದರವನ್ನು ಮತ್ತೆ ದುರ್ಬಲ ಆಮ್ಲದಿಂದ ಕುಲುಕಿ, ಈ ಎರಡನೆಯ ಆಮ್ಲಕ್ಕೆ ಕಾರಕ ಹಾಕಿ. ಪ್ರೋಟೀನು ಈ ಹೊಳೆ ದಾಟಿ ಬರುವುದಿಲ್ಲ. ಆಗಲೂ ಒತ್ತರ ಬಂದರೆ ಮುಂದೆ ಹೋಗಲು ಕಾರಣವಿದೆ. ಪಾದರಸ, ಬಿಸ್ಮತ್ ಇರುವ ಈ ತ್ಯಾಜ್ಯವನ್ನು ತೊಟ್ಟಿಗೆ ಸುರಿಯದೆ ಬೇರೆ ಕ್ಯಾನ್‌ಗೆ ಹಾಕಬೇಕೆಂದು ಹೇಳಿಕೊಡುವವರು ಕಡಿಮೆ, ಅದಕ್ಕೇ ಇಲ್ಲಿ ಹೇಳಿದ್ದೇವೆ.

ಗಿಡ ತರುವ ಹಂತದಲ್ಲಿ ಮುಖ್ಯವಾದದ್ದು ಗುರುತು. ಹೂವು ಅಥವಾ ಕಾಯಿ ಇರುವ ಒಂದು ರೆಂಬೆಯನ್ನು ಒತ್ತಿ ಒಣಗಿಸಿ, ಸಸ್ಯಸಂಗ್ರಹಾಲಯದಲ್ಲಿಟ್ಟು ಸಂಖ್ಯೆ ಪಡೆಯಬೇಕು. ಆ ಸಂಖ್ಯೆ ಇಲ್ಲದ ವರದಿಯಲ್ಲಿ ಯಾವ ಗಿಡದ ಮೇಲೆ ಕೆಲಸ ಮಾಡಿದರೆಂಬುದನ್ನು ಮುಂದೆ ಯಾರೂ ತಾಳೆ ನೋಡಲಾರರು. ಕೊಯ್ದ ತಿಂಗಳು, ಗಿಡದ ಭಾಗ, ವಯಸ್ಸು ಇವನ್ನೂ ಬರೆದಿಡಬೇಕು, ಏಕೆಂದರೆ ಆಲ್ಕಲಾಯ್ಡ್ ಪ್ರಮಾಣ ಇವುಗಳ ಜೊತೆ ಏರಿಳಿಯುತ್ತದೆ. ಒಣಗಿಸುವುದು ನೆರಳಲ್ಲಿ, ಗಾಳಿಯಾಡುವಲ್ಲಿ, 40 ಡಿಗ್ರಿ ಮೀರದಂತೆ. ಹಸಿಯಾಗಿ ಗುಡ್ಡೆ ಹಾಕಿದರೆ ಒಳಗೆ ಬಿಸಿಯೇರಿ ಬೂಸ್ಟು ಹಿಡಿಯುತ್ತದೆ. ಆಮೇಲೆ ನೀವು ಬೇರ್ಪಡಿಸಿದ್ದು ಗಿಡದ್ದೋ ಬೂಸ್ಟಿನದ್ದೋ ಎಂಬ ಪ್ರಶ್ನೆ ಏಳುತ್ತದೆ. ಪುಡಿ ಒರಟು ರವೆಯಂತಿರಲಿ. ಹಿಟ್ಟಿನಷ್ಟು ನುಣ್ಣಗಾದರೆ ದ್ರಾವಕ ಇಳಿಯದೆ ಕಟ್ಟಿಕೊಳ್ಳುತ್ತದೆ.

ಇನ್ನು ಬೇರ್ಪಡಿಕೆ. 100 ಗ್ರಾಂ ಪುಡಿ ಎಂದಿಟ್ಟುಕೊಳ್ಳಿ. ಬೀಜ, ಎಲೆಯಂಥ ಜಿಡ್ಡಿನ ವಸ್ತುವಾದರೆ ಮೊದಲು 500 ಮಿಲಿ ಹೆಕ್ಸೇನ್‌ನಿಂದ ಎರಡು ಸಲ ಜಿಡ್ಡು ತೆಗೆಯಬೇಕು; ಈ ಹೆಕ್ಸೇನನ್ನು ಎಸೆಯುವ ಮುಂಚೆ ಒಂದು ಹನಿ ಪರೀಕ್ಷಿಸಿ, ಕೆಲವು ಆಲ್ಕಲಾಯ್ಡ್‌ಗಳು ಅದರಲ್ಲೂ ಜಾರಿಹೋಗುತ್ತವೆ. ನಂತರ 500 ಮಿಲಿ ಮೆಥನಾಲ್‌ನಲ್ಲಿ ಒಂದೊಂದು ದಿನದಂತೆ ಮೂರು ಸಲ ನೆನೆಹಾಕಿ ಸೋಸಿ, ಕಡಿಮೆ ಒತ್ತಡದಲ್ಲಿ, ನೀರಿನ ತೊಟ್ಟಿ 45 ಡಿಗ್ರಿ ಮೀರದಂತೆ ದ್ರಾವಕ ಹಾರಿಸಬೇಕು. ಉಳಿದ ಅಂಟನ್ನು 200 ಮಿಲಿ ಶೇ 2ರ ಸಲ್ಫ್ಯೂರಿಕ್ ಆಮ್ಲದಲ್ಲಿ ಕದಡಿ ರಾತ್ರಿ ತಣ್ಣಗೆ ಬಿಟ್ಟರೆ ಹಸಿರು, ಮೇಣ, ರಾಳ ಎಲ್ಲ ಕೆಳಗೆ ಕೂರುತ್ತವೆ. ಸೆಲೈಟ್ (ಸೋಸಲು ಬಳಸುವ ನುಣ್ಣನೆಯ ಪುಡಿ) ಹಾಸಿನ ಮೇಲೆ ಸೋಸಿ. ಸಿಕ್ಕ ಆಮ್ಲ ದ್ರಾವಣವನ್ನು 100 ಮಿಲಿಯಂತೆ ಮೂರು ಸಲ ಈಥೈಲ್ ಅಸಿಟೇಟ್‌ನಿಂದ ತೊಳೆದರೆ ಪ್ರತ್ಯಾಮ್ಲವಲ್ಲದ ಕಸ ಹೊರಗೆ. ಹೈಡ್ರೋಕ್ಲೋರಿಕ್ ಬಿಟ್ಟು ಸಲ್ಫ್ಯೂರಿಕ್ ಯಾಕೆಂದರೆ, ಕೆಲವು ಆಲ್ಕಲಾಯ್ಡ್‌ಗಳ ಹೈಡ್ರೋಕ್ಲೋರೈಡ್ ಲವಣ ಕ್ಲೋರೋಫಾರ್ಮ್‌ನಲ್ಲೇ ಕರಗುತ್ತದೆ. ತೊಳೆಯಲು ಕ್ಲೋರೋಫಾರ್ಮ್ ಬಳಸಿದವರು ಬೇಕಾದ್ದನ್ನೇ ಕಸದ ಜೊತೆ ಹೊರಗೆ ಹಾಕಿರುತ್ತಾರೆ.

ಈಗ ಆಮ್ಲ ದ್ರಾವಣವನ್ನು ಮಂಜುಗಡ್ಡೆಯ ಮೇಲಿಟ್ಟು, ಅಮೋನಿಯಾವನ್ನು ಹನಿಹನಿಯಾಗಿ ಸೇರಿಸಿ ಪಿಎಚ್ 9ರಿಂದ 10ಕ್ಕೆ ತರಬೇಕು. ಆಲ್ಕಲಾಯ್ಡ್‌ನ ಪಿಕೆಎಗಿಂತ (ಅದರ ಅರ್ಧ ಭಾಗ ಲವಣವಾಗಿ, ಅರ್ಧ ಸ್ವತಂತ್ರವಾಗಿ ಇರುವ ಪಿಎಚ್) ಎರಡು ಅಂಕ ಮೇಲೆ ಹೋದರೆ ಅದರ ಶೇ 99 ಭಾಗ ಸ್ವತಂತ್ರ ಪ್ರತ್ಯಾಮ್ಲ ರೂಪದಲ್ಲಿರುತ್ತದೆ ಎಂಬುದು ಇಲ್ಲಿನ ಲೆಕ್ಕ. ಬೇಗ ಮುಗಿಯಲೆಂದು ಸೋಡಿಯಂ ಹೈಡ್ರಾಕ್ಸೈಡ್ ಸುರಿಯುವವರಿದ್ದಾರೆ. ರೆಸರ್ಪಿನ್‌ನಂಥ ಎಸ್ಟರ್‌ಗಳು ಅದರಲ್ಲಿ ಒಡೆಯುತ್ತವೆ. ಫೀನಾಲ್ ಗುಂಪಿರುವ ಆಲ್ಕಲಾಯ್ಡ್‌ಗಳು ಆ ಗುಂಪಿನ ಸೋಡಿಯಂ ಲವಣವಾಗಿ ನೀರಿನಲ್ಲೇ ಉಳಿದುಬಿಡುತ್ತವೆ. ಹಾಗಾಗಿ ಅಮೋನಿಯಾವೇ ಸರಿ. ಬಳಿಕ 100 ಮಿಲಿಯಂತೆ ಮೂರು ನಾಲ್ಕು ಸಲ ಸಾವಯವ ದ್ರಾವಕದಿಂದ ತೆಗೆಯುವುದು. ಸಾಕೆನ್ನಲು ಪುಸ್ತಕದ ಸಂಖ್ಯೆಯನ್ನು ನಂಬಬೇಡಿ. ಕೊನೆಯ ದ್ರಾವಕದ ಕೆಲವು ಹನಿಯನ್ನು ಗಡಿಯಾರ ಗಾಜಿನ ಮೇಲೆ ಒಣಗಿಸಿ, ಆಮ್ಲದ ಹನಿ ಸೇರಿಸಿ, ಮೇಯರ್ ಹಾಕಿ ನೋಡಿ, ಕದಡದಿದ್ದರೆ ನಿಲ್ಲಿಸಿ.

ಕೈ ಪಳಗದವರು ಸೋಲುವುದು ಇಲ್ಲೇ, ಬೇರ್ಪಡಿಸುವ ಆಲಿಕೆಯಲ್ಲಿ. ಮಜ್ಜಿಗೆ ಕಡೆದಂತೆ ಜೋರಾಗಿ ಕುಲುಕಿದರೆ ಸಪೋನಿನ್ (ಸಾಬೂನಿನಂತೆ ನೊರೆ ಬರಿಸುವ ಸಸ್ಯವಸ್ತು) ಮತ್ತು ಲೋಳೆ ಸೇರಿ ಎರಡು ಪದರಗಳ ನಡುವೆ ಬೆರಳು ದಪ್ಪದ ಕೆನೆಯಂಥ ಮೂರನೆಯ ಪದರ ನಿಲ್ಲುತ್ತದೆ, ಮರುದಿನ ಬೆಳಿಗ್ಗೆ ನೋಡಿದರೂ ಅಲ್ಲೇ ಇರುತ್ತದೆ. ಆಲ್ಕಲಾಯ್ಡ್‌ನ ಒಳ್ಳೆಯ ಪಾಲು ಅದರೊಳಗೇ ಸಿಕ್ಕಿಕೊಂಡಿರುತ್ತದೆ. ಆಲಿಕೆಯನ್ನು ಅಡ್ಡ ಹಿಡಿದು ತೊಟ್ಟಿಲು ತೂಗುವಂತೆ ಎರಡು ಮೂರು ನಿಮಿಷ ಹೊರಳಿಸಿದರೆ ಸಾಕು. ಕೆನೆ ಕಟ್ಟಿಯೇ ಬಿಟ್ಟರೆ ಒಂದಷ್ಟು ಅಡುಗೆ ಉಪ್ಪು ಕರಗಿಸಿ, ಆಗದಿದ್ದರೆ ಆ ಪದರವನ್ನಷ್ಟೇ ಸೆಲೈಟ್ ಮೂಲಕ ಎಳೆಯಿರಿ ಅಥವಾ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ. ಕೊನೆಗೆ ನಿರ್ಜಲ ಸೋಡಿಯಂ ಸಲ್ಫೇಟ್‌ನಲ್ಲಿ ತೇವ ಹೀರಿಸಿ ಒಣಗಿಸಿದರೆ ಕೈಗೆ ಬರುವುದು ಕಂದು ಬಣ್ಣದ ಒರಟು ಆಲ್ಕಲಾಯ್ಡ್ ಮಿಶ್ರಣ. 100 ಗ್ರಾಂ ಪುಡಿಗೆ ಕೆಲವು ನೂರು ಮಿಲಿಗ್ರಾಂ ಸಿಕ್ಕರೆ ಬೇಸರಪಡಬೇಕಿಲ್ಲ. ನಿತ್ಯಪುಷ್ಪದ ವಿನ್‌ಬ್ಲಾಸ್ಟಿನ್ ಒಂದು ಗ್ರಾಂ ಬೇಕಾದರೆ ನೂರಾರು ಕಿಲೋ ಒಣಎಲೆ ಬೇಕು.

ಈ ಆಮ್ಲ-ಕ್ಷಾರದ ದಾರಿ ಎಲ್ಲಕ್ಕೂ ಆಗುತ್ತದೆಂಬ ಭ್ರಮೆ ಬೇಡ. ಮರದರಿಸಿನದ ಬೆರ್ಬೆರಿನ್ ಚತುರ್ಥಕ ಅಮೋನಿಯಂ (ನೈಟ್ರೋಜನ್ ನಾಲ್ಕು ಬಂಧ ಕಟ್ಟಿಕೊಂಡು ಸದಾ ಧನ ಆವೇಶದಲ್ಲಿರುವ ವಸ್ತು). ಎಷ್ಟು ಕ್ಷಾರ ಹಾಕಿದರೂ ಅದರ ಧನ ಆವೇಶ ಹೋಗುವುದಿಲ್ಲ, ನೀರಿನ ಪದರದಲ್ಲೇ ಹಳದಿಯಾಗಿ ಕೂತಿರುತ್ತದೆ. ಅದನ್ನು ಪಡೆಯುವ ರೀತಿ ಬೇರೆ: ಮೆಥನಾಲ್ ಸಾರವನ್ನು ಇಂಗಿಸಿ, ಬಿಸಿನೀರಿನಲ್ಲಿ ಕರಗಿಸಿ ಸೋಸಿ, ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ತಣ್ಣಗಿಟ್ಟರೆ ಕ್ಲೋರೈಡ್ ಲವಣ ಹಳದಿ ಸೂಜಿಗಳಾಗಿ ಇಳಿಯುತ್ತದೆ, ಏಕೆಂದರೆ ಅದು ತಣ್ಣೀರಿನಲ್ಲಿ ಕರಗುವುದು ಅಷ್ಟಕ್ಕಷ್ಟೆ. ಮೇಲೆ ಹೇಳಿದ ಅದೇ ಹೈಡ್ರೋಕ್ಲೋರಿಕ್ ಇಲ್ಲಿ ಬೇಕೇ ಬೇಕು. ಕರಿಮೆಣಸಿನ ಪೈಪರಿನ್ ಇನ್ನೊಂದು ತುದಿ. ಅದರ ನೈಟ್ರೋಜನ್ ಅಮೈಡ್‌ನೊಳಗಿದೆ, ಪ್ರತ್ಯಾಮ್ಲ ಗುಣ ಇಲ್ಲವೆಂದೇ ಹೇಳಬೇಕು, ಹಾಗಾಗಿ ದುರ್ಬಲ ಆಮ್ಲ ಅದನ್ನು ಎಳೆಯಲಾರದು. 10 ಗ್ರಾಂ ಮೆಣಸಿನ ಪುಡಿಯನ್ನು 150 ಮಿಲಿ ಶೇ 95ರ ಎಥನಾಲ್‌ನಲ್ಲಿ ಎರಡು ಗಂಟೆ ಸಾಕ್ಸ್‌ಲೆಟ್ ಮಾಡಿ (ಬಿಸಿ ದ್ರಾವಕವನ್ನು ಮತ್ತೆ ಮತ್ತೆ ಹಾಯಿಸುವ ಉಪಕರಣದಲ್ಲಿ ತೆಗೆದು), ಸೋಸಿ, 10-15 ಮಿಲಿಗೆ ಇಳಿಸಿ, 10 ಮಿಲಿ ಶೇ 10ರ ಆಲ್ಕೋಹಾಲ್ ಪೊಟ್ಯಾಷ್ (ಆಲ್ಕೋಹಾಲ್‌ನಲ್ಲಿ ಕರಗಿಸಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಸೇರಿಸಿದರೆ ರಾಳದ ಆಮ್ಲಗಳು ಲವಣವಾಗಿ ಬೇರೆಯಾಗುತ್ತವೆ. ತಿಳಿಯನ್ನು ಬಗ್ಗಿಸಿಕೊಂಡು, ಮಬ್ಬು ಕಟ್ಟುವವರೆಗೆ ನೀರನ್ನು ಹನಿಸಿ ರಾತ್ರಿ ಬಿಡಿ. ನೀರು ಒಮ್ಮೆಗೇ ಸುರಿದರೆ ಸ್ಫಟಿಕದ ಬದಲು ಎಣ್ಣೆ ಇಳಿಯುತ್ತದೆ. ಮತ್ತೆ ಅಸಿಟೋನ್‌ನಿಂದ ಸ್ಫಟಿಕೀಕರಿಸಿದಾಗ 128-130 ಡಿಗ್ರಿಯಲ್ಲಿ ಕರಗುವ ನಸುಹಳದಿ ಸೂಜಿಗಳು ಬರಬೇಕು. 120ರಲ್ಲೇ ಬೆವರತೊಡಗಿದರೆ ಒಳಗೆ ಇನ್ನೂ ರಾಳವಿದೆ. ಪೈಪರಿನ್ ದ್ರಾವಣವನ್ನು ಕಿಟಕಿಯ ಬಳಿ ಇಟ್ಟರೆ ಬೆಳಕಿಗೆ ಅದರ ಜೋಡಿಬಂಧಗಳು ತಿರುಗಿ ಬೇರೆ ಸಮಾಂಗಿಗಳಾಗುತ್ತವೆ. ಕಂದು ಸೀಸೆ ಬೇಕು.

ಗಿಡದಲ್ಲಿ ಇಲ್ಲದ್ದನ್ನು ನಾವೇ ತಯಾರಿಸಿಬಿಡುವ ಅಪಾಯ ಇದೆಲ್ಲಕ್ಕಿಂತ ದೊಡ್ಡದು. ಬೆರ್ಬೆರಿನ್ ಕ್ಷಾರೀಯ ಸ್ಥಿತಿಯಲ್ಲಿ ಕ್ಲೋರೋಫಾರ್ಮ್ ಕಂಡರೆ ಅದರ ಟ್ರೈಕ್ಲೋರೋಮಿಥೈಲ್ ಗುಂಪನ್ನು ಅಂಟಿಸಿಕೊಳ್ಳುತ್ತದೆ, ಅಸಿಟೋನ್ ಕಂಡರೆ ಅದನ್ನೂ. ಕಿರಾತಕಡ್ಡಿಯ ಬಳಗದ ಗಿಡಗಳಲ್ಲಿ ಸ್ವರ್ಟಿಯಾಮಾರಿನ್ ಎಂಬ ಕಹಿ ವಸ್ತುವಿದೆ, ಅದರಲ್ಲಿ ನೈಟ್ರೋಜನ್ನೇ ಇಲ್ಲ. ಅಮೋನಿಯಾ ಹಾಕಿದ ಕೂಡಲೇ ಅದು ಜೆನ್ಷಿಯಾನಿನ್ ಎಂಬ ‘ಆಲ್ಕಲಾಯ್ಡ್’ ಆಗತೊಡಗುತ್ತದೆ. ಹಯೊಸಯಮಿನ್ ಬಿಸಿ ಮತ್ತು ಕ್ಷಾರಕ್ಕೆ ಅಟ್ರೋಪಿನ್ ಆಗಿ ತಿರುಗುತ್ತದೆ. ಹಳೆಯ ಈಥರ್‌ನ ಪೆರಾಕ್ಸೈಡ್‌ಗಳು ಆಲ್ಕಲಾಯ್ಡ್‌ನ ನೈಟ್ರೋಜನ್ನಿಗೆ ಆಕ್ಸಿಜನ್ ಸೇರಿಸಿ ಎನ್-ಆಕ್ಸೈಡ್ ಮಾಡುತ್ತವೆ. ಡೈಕ್ಲೋರೋಮೀಥೇನ್‌ನಲ್ಲಿ ವಾರಗಟ್ಟಲೆ ಇಟ್ಟ ತೃತೀಯಕ ಅಮೀನ್ ದ್ರಾವಕದ ಒಂದು ತುಂಡನ್ನು ಹೊತ್ತುಕೊಂಡು ಚತುರ್ಥಕವಾಗುತ್ತದೆ. ಅದರ ರಾಶಿ ರೋಹಿತದಲ್ಲಿ (ಅಣುಗಳನ್ನು ತೂಕದ ಪ್ರಕಾರ ಗೆರೆಗಳಾಗಿ ತೋರಿಸುವ ದಾಖಲೆ) ಎರಡು ಅಂಕ ಅಂತರದ, 3:1 ಎತ್ತರದ ಕ್ಲೋರಿನ್ ಜೋಡಿಗೆರೆ ಕಂಡರೆ ಗಿಡವನ್ನು ಹೊಗಳುವ ಮೊದಲು ಸೀಸೆಯನ್ನು ಅನುಮಾನಿಸಬೇಕು. ಪರಿಹಾರ ಸರಳ: ಸ್ವಲ್ಪ ಪುಡಿಯನ್ನು ಅಮೋನಿಯಾ, ಕ್ಲೋರೋಫಾರ್ಮ್ ಸೋಂಕದಂತೆ ತಣ್ಣನೆಯ ಎಥನಾಲ್‌ನಲ್ಲಿ ತೆಗೆದು, ನಿಮ್ಮ ‘ಹೊಸ’ ವಸ್ತು ಅದರಲ್ಲೂ ಇದೆಯೇ ಎಂದು ಪಕ್ಕಪಕ್ಕದಲ್ಲಿ ಓಡಿಸಿ ನೋಡುವುದು. ರಾಶಿ ರೋಹಿತದಲ್ಲಿ 149 ಮತ್ತು 391 ಬಂದರಂತೂ ಅದು ಪ್ಲಾಸ್ಟಿಕ್ ಮೆದುಗೊಳಿಸುವ ಥ್ಯಾಲೇಟ್, ಪೈಪಿನಿಂದಲೋ ಮುಚ್ಚಳದಿಂದಲೋ ಬಂದದ್ದು. ಅದನ್ನು ಸಸ್ಯದ ಸತ್ವವೆಂದು ಪ್ರಕಟಿಸಿದವರ ಪಟ್ಟಿ ಸಣ್ಣದಲ್ಲ.

ಮಿಶ್ರಣವನ್ನು ಬಿಡಿಸುವುದಕ್ಕೆ ಮೊದಲು ತೆಳುಪದರ ಕ್ರೊಮಟಾಗ್ರಫಿ: ಸಿಲಿಕಾ ಹಚ್ಚಿದ ಹಲಗೆಯಲ್ಲಿ ದ್ರಾವಕ ಏರುತ್ತ ವಸ್ತುಗಳನ್ನು ಚುಕ್ಕೆಗಳಾಗಿ ಬೇರೆ ಮಾಡುತ್ತದೆ. ಸಿಲಿಕಾ ಸ್ವತಃ ತುಸು ಆಮ್ಲೀಯ, ಆಲ್ಕಲಾಯ್ಡನ್ನು ಹಿಡಿದೆಳೆಯುತ್ತದೆ, ಚುಕ್ಕೆ ಬಾಲ ಬಿಡುತ್ತದೆ. ಟಾಲುಯಿನ್, ಈಥೈಲ್ ಅಸಿಟೇಟ್, ಡೈಈಥೈಲಮೀನ್ 70:20:10ರಲ್ಲಿ ಓಡಿಸಿದರೆ ಬಾಲ ಮೊಟಕಾಗುತ್ತದೆ. ಹೆಚ್ಚು ಧ್ರುವೀಯ ವಸ್ತುಗಳಿಗೆ ಕ್ಲೋರೋಫಾರ್ಮ್-ಮೆಥನಾಲ್ 9:1ಕ್ಕೆ ಒಂದೆರಡು ಹನಿ ಅಮೋನಿಯಾ. 254, 366 ನ್ಯಾನೋಮೀಟರ್ ದೀಪದಲ್ಲಿ ನೋಡಿ ಪೆನ್ಸಿಲ್‌ನಲ್ಲಿ ಗುರುತಿಸಿಕೊಂಡ ಮೇಲೆಯೇ ಡ್ರಾಗೆನ್‌ಡಾರ್ಫ್ ಸಿಂಪಡಿಸಬೇಕು. ಡೈಈಥೈಲಮೀನ್ ಪೂರ್ತಿ ಹಾರದಿದ್ದರೆ ಹಲಗೆಯೇ ಕಿತ್ತಳೆಯಾಗಿ ಏನೂ ಕಾಣದು. ಕಾಲಮ್‌ಗೆ (ಸಿಲಿಕಾ ತುಂಬಿದ ಕೊಳವೆ) ಮಿಶ್ರಣದ 30ರಿಂದ 50 ಪಟ್ಟು ಸಿಲಿಕಾ ಹಿಡಿಯಬೇಕು, ಮಿಶ್ರಣವನ್ನು ಸ್ವಲ್ಪ ಸಿಲಿಕಾಗೆ ಹೀರಿಸಿ ಒಣಪುಡಿಯಾಗಿ ಮೇಲೆ ಹಾಕಬೇಕು. ಒಂದು ದ್ರಾವಕ ವ್ಯವಸ್ಥೆಯಲ್ಲಿ ಒಂದೇ ಚುಕ್ಕೆ ಬಂದರೆ ಶುದ್ಧವೆಂದು ಬರೆಯುವ ಚಾಳಿ ಬಿಡಬೇಕು. ಕನಿಷ್ಠ ಮೂರು ಬೇರೆ ಬೇರೆ ವ್ಯವಸ್ಥೆ, ಜೊತೆಗೆ ಎಚ್‌ಪಿಎಲ್‌ಸಿ (ಅಧಿಕ ಒತ್ತಡದ ದ್ರವ ಕ್ರೊಮಟಾಗ್ರಫಿ).

ರಚನೆಯ ವಿಚಾರವನ್ನು ಇಲ್ಲಿ ಉದ್ದ ಮಾಡುವುದಿಲ್ಲ. ನೈಟ್ರೋಜನ್ ಸಂಖ್ಯೆ ಬೆಸವಾಗಿದ್ದರೆ ಅಣುರಾಶಿ ಬೆಸ, ಪ್ರೋಟಾನ್ ಸೇರಿದ ಗೆರೆ ಸಮ: ಒಂದು ನೈಟ್ರೋಜನ್ನಿನ ಪೈಪರಿನ್ 285, ಗೆರೆ 286, ನಾಲ್ಕು ನೈಟ್ರೋಜನ್ನಿನ ಕೆಫೀನ್ 194, ಗೆರೆ 195. ಈ ಲೆಕ್ಕ ತಪ್ಪಿದ ವರದಿಯನ್ನು ಮುಂದೆ ಓದಬೇಕಿಲ್ಲ. ಅಣುವಿನ ರಚನೆ ತೋರಿಸುವ ಎನ್‌ಎಂಆರ್‌ಗೆ 5ರಿಂದ 10 ಮಿಲಿಗ್ರಾಂ ಇದ್ದರೆ ಒಳ್ಳೆಯದು. ಹಳೆಯ ಡ್ಯೂಟೀರಿಯಂ ಕ್ಲೋರೋಫಾರ್ಮ್‌ನಲ್ಲಿ ಆಮ್ಲ ಹುಟ್ಟಿಕೊಂಡಿರುತ್ತದೆ, ಅದರಿಂದ ನೈಟ್ರೋಜನ್ ಪಕ್ಕದ ಗೆರೆಗಳು ಅಗಲವಾಗಿ ಮಸುಕಾಗುತ್ತವೆ. ಪ್ರತ್ಯಾಮ್ಲೀಯ ಅಲ್ಯುಮಿನಾದ ಮೂಲಕ ಹಾಯಿಸಿ ಬಳಸಿ.

ಕೊನೆಯದು, ಸುದ್ದಿಯಾಗುವುದು: ಜೈವಿಕ ಪರಿಣಾಮ. ಇದನ್ನು ಬೇರ್ಪಡಿಕೆ ಮುಗಿದ ಮೇಲಿನ ಅಲಂಕಾರ ಮಾಡಬಾರದು. ಪ್ರತಿ ಹಂತದಲ್ಲೂ ಎಲ್ಲ ಭಾಗಗಳನ್ನೂ ಪರೀಕ್ಷಿಸಿ, ಶಕ್ತಿ ಎತ್ತ ಹೋಯಿತೋ ಅತ್ತ ಹೆಜ್ಜೆ ಹಾಕಬೇಕು. ನಿತ್ಯಪುಷ್ಪದ ಕಥೆ ಅದೇ. 1950ರ ದಶಕದಲ್ಲಿ ಕೆನಡಾದ ನೋಬಲ್ ಮತ್ತು ಬಿಯರ್ ಅದರ ಎಲೆಯನ್ನು ಪರೀಕ್ಷಿಸಿದ್ದು ಮಧುಮೇಹಕ್ಕೆ. ಸಕ್ಕರೆ ಇಳಿಯಲಿಲ್ಲ, ಆದರೆ ಸಾರ ಚುಚ್ಚಿದ ಇಲಿಗಳಲ್ಲಿ ಬಿಳಿರಕ್ತಕಣ ಕುಸಿದವು. ಅವರು ಆ ಕುಸಿತವನ್ನೇ ಅಳತೆಗೋಲಾಗಿಟ್ಟುಕೊಂಡು ಭಾಗಭಾಗವಾಗಿ ಬಿಡಿಸುತ್ತ ಹೋದದ್ದರಿಂದ, ನೂರಕ್ಕೂ ಹೆಚ್ಚು ಆಲ್ಕಲಾಯ್ಡ್‌ಗಳಿರುವ ಗಿಡದಲ್ಲಿ ವಿನ್‌ಬ್ಲಾಸ್ಟಿನ್ ಕೈಗೆ ಹತ್ತಿತು. ಭಾಗ ಮಾಡಿದಾಗ ಎಲ್ಲದರಲ್ಲೂ ಶಕ್ತಿ ಮಾಯವಾದರೆ ಎರಡು ಸಾಧ್ಯತೆ: ವಸ್ತು ಕಾಲಮ್‌ನಲ್ಲಿ ಕೆಟ್ಟಿದೆ, ಇಲ್ಲವೇ ಎರಡು ವಸ್ತು ಸೇರಿದಾಗ ಮಾತ್ರ ಕೆಲಸ ಮಾಡುತ್ತಿದ್ದವು. ಭಾಗಗಳನ್ನು ಮತ್ತೆ ಬೆರೆಸಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಅಳತೆಯೇ ಮೋಸ ಮಾಡುವ ಬಗೆಗಳೂ ಇವೆ. ಜೀವಂತ ಕೋಶ ಎಂಟಿಟಿ ಎಂಬ ಹಳದಿ ಬಣ್ಣವನ್ನು ನೇರಳೆ ಮಾಡುತ್ತದೆ, ಅದನ್ನು 570 ನ್ಯಾನೋಮೀಟರ್‌ನಲ್ಲಿ ಅಳೆಯುತ್ತಾರೆ. ಗಿಡದ ಪಾಲಿಫೀನಾಲ್‌ಗಳು ಕೋಶವೇ ಇಲ್ಲದೆ ಅದನ್ನು ನೇರಳೆ ಮಾಡಬಲ್ಲವು, ಸತ್ತ ಕೋಶ ಬದುಕಿದಂತೆ ಕಾಣುತ್ತದೆ. ಕೋಶವಿಲ್ಲದ ಗುಣಿಯಲ್ಲಿ ಸಾರ ಮತ್ತು ಎಂಟಿಟಿ ಹಾಕಿದ ಒಂದು ಸಾಲು ಇರಲೇಬೇಕು. ನರಗಳ ಸಂದೇಶವಾಹಕ ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವವಾದ ಅಸಿಟೈಲ್‌ಕೋಲಿನೆಸ್ಟರೇಸ್ ತಡೆಯುವ ವಸ್ತುಗಳಿಗೆ 1961ರ ಎಲ್‌ಮನ್ ವಿಧಾನವಿದೆ, ಕಿಣ್ವ ಬಿಡುಗಡೆ ಮಾಡಿದ ಥಯೋಕೋಲಿನ್ 412 ನ್ಯಾನೋಮೀಟರ್‌ನಲ್ಲಿ ಅಳೆಯುವ ಹಳದಿ ತರುತ್ತದೆ. ಬೆರ್ಬೆರಿನ್ ತಾನೇ ಆ ಸುತ್ತಿನಲ್ಲಿ ಬೆಳಕು ಹೀರುವ ಹಳದಿ. ಕಿಣ್ವವಿಲ್ಲದ ಹೋಲಿಕೆ ಕಳೆಯದಿದ್ದರೆ ಅಂಕಿ ಏನೂ ಹೇಳದು. ಜೊತೆಗೆ ಗ್ಯಾಲಂಟಮಿನ್‌ನಂಥ ತಿಳಿದ ಔಷಧವನ್ನು ಅದೇ ದಿನ, ಅದೇ ತಟ್ಟೆಯಲ್ಲಿ ಓಡಿಸಿರಬೇಕು. ಕರಗಿಸಲು ಬಳಸಿದ ಡಿಎಂಎಸ್‌ಒ ಶೇ 0.5ರೊಳಗಿರಬೇಕು, ಅಷ್ಟೇ ಡಿಎಂಎಸ್‌ಒ ಮಾತ್ರ ಹಾಕಿದ ಗುಣಿಗಳೂ ಇರಬೇಕು.

ಇನ್ನು ಪ್ರಮಾಣ. ‘100 ಮೈಕ್ರೋಗ್ರಾಂ/ಮಿಲಿಯಲ್ಲಿ ಕ್ಯಾನ್ಸರ್ ಕೋಶ ಸತ್ತವು’ ಎಂಬುದು ಕೇಳಲು ಸಣ್ಣ ಅಂಕಿ. ಅಣುತೂಕ 300 ಇರುವ ಶುದ್ಧ ವಸ್ತುವಿಗೆ ಅದು 333 ಮೈಕ್ರೋಮೋಲಾರ್. ವಯಸ್ಕರ ಸುಮಾರು 5 ಲೀಟರ್ ರಕ್ತದಲ್ಲಿ ಆ ಸಾಂದ್ರತೆ ಬರಲು ರಕ್ತವೊಂದರಲ್ಲೇ 500 ಮಿಲಿಗ್ರಾಂ ಇರಬೇಕು, ಅಂಗಾಂಶಗಳಿಗೆ ಹೋಗುವ ಪಾಲು ಬೇರೆ. ಅಷ್ಟು ಸಾಂದ್ರತೆಯಲ್ಲಿ ಕೋಶ ಕೊಲ್ಲುವ ವಸ್ತುಗಳಿಗೆ ಬರವಿಲ್ಲ. ಆರೋಗ್ಯವಂತ ಕೋಶಗಳನ್ನು ಎಷ್ಟರಲ್ಲಿ ಕೊಲ್ಲುತ್ತದೆಂಬ ಅಂಕಿ ಪಕ್ಕದಲ್ಲಿಲ್ಲದಿದ್ದರೆ ಅದು ಔಷಧದ ಸುದ್ದಿಯೋ ವಿಷದ ಸುದ್ದಿಯೋ ಹೇಳಲಾಗದು. ಹೆಲಿಯೋಟ್ರೋಪಿಯಂ ಕುಲದ ಗಿಡಗಳ ಪಿರೊಲಿಜಿಡಿನ್ ಆಲ್ಕಲಾಯ್ಡ್‌ಗಳೂ ‘ಜೈವಿಕವಾಗಿ ಸಕ್ರಿಯ’ವೇ, ಅವು ಯಕೃತ್ತಿನ ಸಣ್ಣ ರಕ್ತನಾಳಗಳನ್ನು ಕಟ್ಟಿಹಾಕುತ್ತವೆ. ಪತ್ರಿಕೆಯಲ್ಲಿ ಓದಿದವರು ಗಿಡದ ಕಷಾಯ ಕುದಿಸಿ ಕುಡಿಯುವ ಸಾಧ್ಯತೆ ಇರುವಾಗ ಇದು ಸಣ್ಣ ಮಾತಲ್ಲ.

ಆದ್ದರಿಂದ ವರದಿಗಾರರಲ್ಲಿ ಕೋರಿಕೆ. ಇಂಥ ಸುದ್ದಿ ಬಂದಾಗ ಸಂಶೋಧಕರನ್ನು ಕೇಳಿ: ಸಸ್ಯಸಂಗ್ರಹಾಲಯದ ಸಂಖ್ಯೆ ಎಷ್ಟು, ಎಷ್ಟು ಪುಡಿಯಿಂದ ಎಷ್ಟು ಮಿಲಿಗ್ರಾಂ ಶುದ್ಧ ವಸ್ತು ಬಂತು, ಅದರ ಅಣುರಾಶಿ ಎಷ್ಟು, ಹೋಲಿಕೆಗೆ ಯಾವ ಔಷಧ ಇಟ್ಟಿದ್ದಿರಿ, ಆರೋಗ್ಯವಂತ ಕೋಶಕ್ಕೆ ಏನಾಯಿತು. ಕೆಲಸ ಮಾಡಿದವರಿಗೆ ಉತ್ತರಿಸಲು ಐದು ನಿಮಿಷ ಸಾಕು. ಪರೀಕ್ಷಿಸಿದ್ದು ಬರೀ ಸಾರವಾಗಿದ್ದರೆ ತಲೆಬರಹದಲ್ಲಿ ಆಲ್ಕಲಾಯ್ಡ್ ಎನ್ನದೆ ‘ಸಾರ’ ಎಂದೇ ಹಾಕಿ, ‘ಕ್ಯಾನ್ಸರ್‌ಗೆ’ ಎನ್ನುವಲ್ಲಿ ‘ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ’ ಎಂದು ಬರೆಯಿರಿ.

— ಸಸ್ಯ ರಸಾಯನದ ಕೆಲಸದಲ್ಲಿರುವ ಓದುಗರು